ಪಾಸ್ಟರಮ್ಮನ ಒಂದು ಪ್ರಶ್ನೆ

ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ಆಕೆಯ ಕೆಲಸ. ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಆಕೆ ‘ಮಾತಿನ ಟೀಚರ್’. ಕಾರಿಡಾರಿನ ತುದಿಯಲ್ಲಿ ಆಕೆಯ ಪುಟ್ಟ ಕೋಣೆ. ಅಲ್ಲಿ ಒಂದು ಮೇಜು, ಬಾಯಿಯ ಚಲನೆ ನೋಡಿಕೊಳ್ಳಲು ಒಂದು ಕನ್ನಡಿ, ಚಿತ್ರದ ಕಾರ್ಡುಗಳ ಡಬ್ಬಿ.

ಆಕೆಯ ನೆಮ್ಮದಿ ಕೆಡಿಸಿದ್ದು ಆಕೆ ಹೋಗುವ ಚರ್ಚಿನ ಸಭೆಯ ಪಾಸ್ಟರು. ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರು ಆಕೆಯ ಹತ್ತಿರ ಪ್ರಾರ್ಥನೆ ಮಾಡಿಸಿಕೊಳ್ಳುವುದು ಅವರ ಕಿವಿಗೂ ಬಿದ್ದಿತ್ತು. ದೇವರು ನಿನ್ನನ್ನು ಸೇವೆಗೆ ಕರೆಯುತ್ತಿದ್ದಾರೆ ಅನ್ನಿಸುತ್ತದೆ, ಸಂಜೆ ತರಗತಿಗಳಲ್ಲಿ ಕ್ರೈಸ್ತ ವೇದಶಾಸ್ತ್ರ ಓದು, ಅದಕ್ಕೂ ಮೊದಲು ಬರುವ ಭಾನುವಾರಗಳಲ್ಲಿ ಒಂದು ದಿನ ಆರಾಧನೆಗೆ ಬಂದವರ ಮುಂದೆ ನಿಂತು ಪ್ರಸಂಗ ಮಾಡು ಎಂದಿದ್ದರು. ಅತ್ತೆಗೆ ಇದು ಸರಿ ಕಾಣಲಿಲ್ಲ. ಹೆಂಗಸರು ಹಾಡಲಿ, ಮಕ್ಕಳಿಗೆ ಪಾಠ ಹೇಳಲಿ, ಪ್ರಸಂಗಪೀಠ ಹತ್ತಿ ನಿಂತರೆ ಜನ ಆಡಿಕೊಳ್ಳುವುದಿಲ್ಲವೇ ಎಂದು ಬಟ್ಟೆ ಮಡಚುತ್ತಲೇ ಗೊಣಗಿದರು. ಗಂಡ, ನಿನಗೆ ಹೇಗೆ ತೋಚುತ್ತದೋ ಹಾಗೆ ಮಾಡು ಎಂದು ನುಣುಚಿಕೊಂಡ.

ಜನರ ಮಾತಿಗೆ ಆಕೆ ಅಷ್ಟು ಹೆದರಿರಲಿಲ್ಲ. ಒಳಗೆ ಕೊರೆಯುತ್ತಿದ್ದ ಹುಳವೇ ಬೇರೆ. ಕರೆದದ್ದು ದೇವರೋ, ಅಥವಾ ನಾಲ್ಕು ಜನ ತನ್ನ ಮಾತು ಕೇಳಲಿ ಎಂಬ ಆಸೆಯೇ ದೇವರ ದನಿಯಲ್ಲಿ ಮಾತಾಡಿತೋ? ನಿಜವಾಗಿ ಕರೆ ಬಂದವರಿಗೆ ಇಂಥ ಅನುಮಾನ ಇರುತ್ತದೆಯೇ? ಇರಲಾರದು ಎಂದು ತಾನೇ ತೀರ್ಮಾನಿಸಿ, ಒಲ್ಲೆ ಎಂದು ಹೇಳಿಬಿಡಲು ಸಿದ್ಧಳಾದಳು.

ಅಷ್ಟರಲ್ಲಿ ಹೊಸ ರೋಗಿಯೊಬ್ಬರು ಬಂದರು. ಪಕ್ಕದ ಊರಿನ ಸಭೆಯನ್ನು ಬಹುಕಾಲ ನಡೆಸಿ ನಿವೃತ್ತರಾದ ಮುದುಕಿ. ಜನ ಅವರನ್ನು ಪಾಸ್ಟರಮ್ಮ ಎನ್ನುತ್ತಿದ್ದರು. ಹೊಸಬರು ಮನೆಗೆ ಬಂದು ಪಾಸ್ಟರು ಇದ್ದಾರಾ ಅಮ್ಮ ಎಂದು ಕೇಳಿದರೆ, ಇದ್ದೀನಲ್ಲ, ಕೂತ್ಕೊಳ್ಳಿ ಅನ್ನುತ್ತಿದ್ದರಂತೆ. ಈಗ ಬಲಗೈ ಜೋಲು ಬಿದ್ದಿತ್ತು, ಮಾತು ಹೋಗಿತ್ತು. ಬೇರೆಯವರು ಹೇಳಿದ್ದು ಪೂರ್ತಿ ಅರ್ಥವಾಗುತ್ತಿತ್ತು, ಆದರೆ ಬೇಕಾದ ಪದ ನಾಲಿಗೆಗೆ ಸಿಗುತ್ತಿರಲಿಲ್ಲ. ಬಸ್ಸಿನ ಚಿತ್ರ ತೋರಿಸಿದರೆ ‘ಅಳಿಯ’ ಅಂದರು. ಮದುವೆಯೇ ಆಗದವರಿಗೆ ಅಳಿಯ ಎಲ್ಲಿಂದ ಬಂದ ಎಂದು ಟೀಚರ್ ಕೇಳಿದ್ದಕ್ಕೆ ಪಾಸ್ಟರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ಇಬ್ಬರಿಗೂ ಸಲಿಗೆ ಬೆಳೆಯಿತು.

ದಿನ ಕಳೆದಂತೆ ಟೀಚರಿಗೆ ಒಂದೇ ಕುತೂಹಲ. ತಮ್ಮನ್ನು ಕರೆದದ್ದು ದೇವರೇ ಎಂದು ಇವರಿಗೆ ಹೇಗೆ ಗೊತ್ತಾಗಿರಬಹುದು? ರೋಗಿಯ ಹತ್ತಿರ ತನ್ನ ಮನೆಯ ಕಥೆ ತೆಗೆಯುವುದು ಸರಿಯಲ್ಲ ಎಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಆದರೆ ಬಸ್ಸು, ಬಾಚಣಿಗೆ, ಬಕೆಟ್ಟುಗಳ ಚಿತ್ರ ಪಾಸ್ಟರಮ್ಮನಿಗೆ ಬೇಸರ ತರಿಸಿತ್ತು. ಬದುಕಿಡೀ ಮಾಡಿದ ಕೆಲಸದ ಬಗ್ಗೆ ಕೇಳಿದರೆ ಮಾತು ಬಂದರೂ ಬರಬಹುದು ಅನ್ನಿಸಿ, ಒಂದು ಬೆಳಿಗ್ಗೆ ಕಾರ್ಡುಗಳನ್ನು ಪಕ್ಕಕ್ಕೆ ಸರಿಸಿದಳು. ಪ್ರಶ್ನೆಯನ್ನು ಚಿಕ್ಕದು ಮಾಡಿ ಕೇಳಿದಳು.

“ಸೇವೆಗೆ ಬಂದಾಗ ನಿಮಗೆ ಅನುಮಾನ ಇತ್ತಾ ಅಮ್ಮ?”

ಪಾಸ್ಟರಮ್ಮ ಹೌದೆಂದು ತಲೆಯಾಡಿಸಿದರು.

“ಮೊದಮೊದಲು ಮಾತ್ರ, ಅಲ್ವಾ?”

ಅಲ್ಲ ಎಂಬಂತೆ ಎಡಗೈ ಅಲ್ಲಾಡಿತು. ತುಟಿಗಳು ಹುಡುಕಿದವು, ತಡವರಿಸಿದವು. ಟೀಚರ್ ಸುಳಿವು ಕೊಡದೆ ಕಾದಳು. ಕೊನೆಗೆ ಮಾತು ಸ್ಪಷ್ಟವಾಗಿ ಬಂತು.

“ದಿನಾ.”

ಟೀಚರ್ ಕುರ್ಚಿಯಲ್ಲೇ ಮುಂದಕ್ಕೆ ಜರುಗಿದಳು. ಮತ್ತೆ ಹೇಗೆ ಹೋಗಿ ಅಲ್ಲಿ ನಿಲ್ಲುತ್ತಿದ್ದಿರಿ ಎಂದು ಕೇಳಿದಳು. ಪಾಸ್ಟರಮ್ಮ ‘ಹಾಲು’ ಅಂದರು, ಮುಖ ಸಿಂಡರಿಸಿದರು, ತಮ್ಮ ಪಾದ ತೋರಿಸಿ ‘ಕಾಲು’ ಎಂದು ತಿದ್ದಿಕೊಂಡರು. ಆಮೇಲೆ ಎಡಗೈಯ ಎರಡು ಬೆರಳುಗಳನ್ನು ಮೇಜಿನ ಮೇಲೆ ನಿಲ್ಲಿಸಿ ಗಡಗಡ ನಡುಗಿಸಿದರು. ನಡುಗುತ್ತಲೇ ಆ ಬೆರಳುಗಳು ಮೇಜಿನ ಅಂಚಿನವರೆಗೂ ನಡೆದು ಹೋದವು.

ಅಲ್ಲಿ ಕೈ ನಿಂತಿತು. ಬೆರಳು ಟೀಚರ್ ಕಡೆ ತಿರುಗಿತು. “ನೀ?”

ಆಗ ಆಕೆ ಮುಚ್ಚಿಟ್ಟುಕೊಳ್ಳಲಿಲ್ಲ. ಪಾಸ್ಟರು ಹೇಳಿದ್ದು, ಅತ್ತೆ ಗೊಣಗಿದ್ದು, ದೇವರ ದನಿ ಯಾವುದು ತನ್ನ ದನಿ ಯಾವುದು ಎಂದು ತಿಳಿಯದೆ ಒದ್ದಾಡಿದ್ದು, ಎಲ್ಲ ಹೇಳಿದಳು. ಪಾಸ್ಟರಮ್ಮ ಕಣ್ಣು ಮಿಟುಕಿಸದೆ ಕೇಳಿ, ಬಹಳ ಕಷ್ಟಪಟ್ಟು ಒಂದು ಪದ ಹೊರತಂದರು.

“ಯಾರಿಗೆ?”

ಟೀಚರಿಗೆ ಗೊಂದಲವಾಯಿತು. ‘ಯಾರು’ ಅನ್ನಲು ಹೋಗಿ ತಪ್ಪಿದರೇ? ಇಲ್ಲ, ಮುದುಕಿ ಮತ್ತೆ ಅದನ್ನೇ ಹೇಳಿ ಮೇಜು ತಟ್ಟಿದರು. ಯಾರಿಗೆ?

ಬಸ್ಸಿನಲ್ಲಿ ನಿಂತು ಮನೆಗೆ ಹೋಗುವಾಗಲೂ ಅದೇ ಗುಂಗು. ಇಷ್ಟು ದಿನವೂ ಕರೆದದ್ದು ಯಾರು ಎಂದೇ ತಡಕಾಡಿದ್ದಳು. ಯಾರಿಗಾಗಿ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಹಾಗೆ ಕೇಳಿಕೊಂಡರೆ ಮುಖಗಳೇ ಎದುರು ಬಂದು ನಿಲ್ಲುತ್ತಿದ್ದವು. ಗಂಡ ತನ್ನ ಹೆಸರು ಮರೆತನೆಂದು ಕಾರಿಡಾರಿನಲ್ಲಿ ಟೀಚರ್ ಕೈಯನ್ನು ಬಿಡದೆ ಹಿಡಿದಿದ್ದ ಹೆಂಗಸು. ಅಪ್ಪನ ಒಂದು ‘ಹೂಂ’ಗಾಗಿ ಕಾಯುತ್ತ ಕೂತ ಮಗಳು. ಅನುಮಾನ ಕರಗಲಿಲ್ಲ. ಆದರೆ ಅದು ಹೋದ ಮೇಲೆಯೇ ಹೊರಡಬೇಕೆಂಬ ಹಟ ಸಡಿಲವಾಯಿತು. ರಾತ್ರಿ ಊಟಕ್ಕೆ ಮೊದಲೇ ಪಾಸ್ಟರಿಗೆ ಫೋನ್ ಮಾಡಿ ಪ್ರಸಂಗಕ್ಕೂ ಓದಿಗೂ ಒಪ್ಪಿಕೊಂಡಳು.

ಗೊತ್ತುಮಾಡಿದ ಭಾನುವಾರ, ಪ್ರಭು ಸತ್ತು ಎದ್ದು ಬಂದ ಪುನರುತ್ಥಾನದ ಮುಂಜಾನೆ ಆತನ ಸಮಾಧಿಗೆ ಹೋದ ಹೆಂಗಸರ ಬಗ್ಗೆ ಆಕೆ ಪ್ರಸಂಗ ಮಾಡಿದಳು. ಅವರೂ ಹೆದರಿದ್ದರು, ಹೇಳಿದ್ದನ್ನು ಶಿಷ್ಯರೇ ಮೊದಲು ನಂಬಲಿಲ್ಲ, ಆದರೂ ಸುದ್ದಿ ಮೊದಲು ಹೊತ್ತವರು ಅವರೇ ಎಂದಳು. ನಡುವೆ ಒಂದು ಕಡೆ ನಿಲ್ಲಿಸಿ ನೀರು ಕುಡಿದು ಮುಂದುವರಿಸಿದಳು. ಹಿಂದಿನ ಬೆಂಚಿನ ಹಿರಿಯರೊಬ್ಬರು ಅರ್ಧದಲ್ಲೇ ಎದ್ದು ಹೋದರು. ಕೊನೆಯಲ್ಲಿ ಪರಿಚಯವಿಲ್ಲದ ಹೆಂಗಸೊಬ್ಬಳು ಬಂದು ಆಕೆಯ ಎರಡೂ ಕೈ ಹಿಡಿದುಕೊಂಡಳು.

ಮನೆಗೆ ಬಂದು ಊಟ ಮುಗಿದ ಮೇಲೆ, ಪ್ರಸಂಗ ಕೇಳಿ ಬಂದಿದ್ದ ಅತ್ತೆ ತಟ್ಟೆ ತೊಳೆಯುತ್ತಿದ್ದ ಸೊಸೆಯ ಹತ್ತಿರ ಬಂದು ನಿಂತರು.

“ಅಲ್ಲಮ್ಮ, ಆ ಸಮಾಧಿ ಹತ್ರ ಹೋದ್ರಲ್ಲ ಹೆಂಗಸ್ರು, ಕತ್ತಲೆ ಇರುವಾಗಲೇ ಎದ್ದು ಹೊರಟ್ರೆ ಅವರ ಅತ್ತೆಯರು ಏನೂ ಅನ್ನಲಿಲ್ವಾ?”

ಸೊಸೆಗೆ ನಗು ತಡೆಯಲಾಗಲಿಲ್ಲ. “ಅದನ್ನ ಬರೆದಿಲ್ಲ ಅತ್ತೆ. ಓದೋಕೆ ಸೇರ್ತೀನಲ್ಲ, ಅಲ್ಲಿ ಕೇಳ್ಕೊಂಡು ಬರ್ತೀನಿ.”

ಅತ್ತೆ ಒರಸುವ ಬಟ್ಟೆ ತೆಗೆದುಕೊಂಡರು. ತರಗತಿ ಸಂಜೆ ಎಷ್ಟು ಹೊತ್ತಿಗೆ, ಬಸ್ಸು ಸಿಗುತ್ತದೆಯೇ ಎಂದು ವಿಚಾರಿಸುತ್ತ ತಟ್ಟೆಗಳನ್ನು ಒಂದೊಂದಾಗಿ ಒರಸತೊಡಗಿದರು.