ಬಾಯಿ ಬಿಡದವನ ಒಪ್ಪಿಗೆ

ವಿಧವೆ ಟ್ಯಾಬಿತಾಳ ಮರುಮದುವೆಯ ಮಾತು ಅಂದು ಸಭೆಯ ಮುಂದೆ ಬಂತು. ಅಲ್ಲ, ಅವಳು ಉಣ್ಣೆಗೆ ಬಣ್ಣ ಹಾಕುವ ಆಮೋಸನನ್ನು ಕಟ್ಟಿಕೊಳ್ಳೋದಕ್ಕೆ ಊರೆಲ್ಲ ಯಾಕೆ ಒಪ್ಪಬೇಕು? ಆದರೆ ಇಂಗ್ಲೆಂಡಿನ ಯಾರ್ಕ್‌ಶೈರಿನ ಆ ಕಣಿವೆಯ, ಕ್ವೇಕರ್ ಅನ್ನೋ ಕ್ರೈಸ್ತ ಪಂಥದ ಮಂದಿಯ ಪದ್ಧತಿಯೇ ಹಾಗೆ. ಪಾದ್ರಿ ಇಲ್ಲ, ಕೈ ಎತ್ತಿಸೋದೂ ಇಲ್ಲ. ಸಭೆಯ ಗುಮಾಸ್ತ ಠರಾವು ಓದುತ್ತಾನೆ, ಬೇಕಾದವರು "ಹಾಗೇ ಆಗಲಿ ಅಂತ ಆಸೆ" ಅನ್ನುತ್ತಾರೆ. ಏನೂ ಅನ್ನದವರೂ ಒಪ್ಪಿದ ಲೆಕ್ಕವೇ. ಹೀಗೆ ತಕರಾರು ತೆಗೆಯದೆ, ಸುಮ್ಮನಿದ್ದು ಒಪ್ಪೋದಕ್ಕೆ ಇಂಗ್ಲಿಷಿನಲ್ಲಿ 'ಅಕ್ವಿಯೆಸ್' ಅಂತ ಗತ್ತಿನ ಪದವೊಂದಿದೆ. ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ, ಅದೇ.

ಹಾಗಂದವರು ಯಾರೂ ಟ್ಯಾಬಿತಾಳ ಸತ್ತ ಗಂಡ ಜೇಬೆಜ್ ಜೊತೆ ಸಂಸಾರ ಮಾಡಿರಲಿಲ್ಲ ಬಿಡಿ. ಅವನ ಮೌನ ಅಂದರೆ 'ಇಲ್ಲ'. ತವರಿಗೆ ಹೋಗಿಬರಲಾ ಅಂದರೆ ಒಂದು ಒಣ ಕೆಮ್ಮು, ಆಮೇಲೆ ಮೌನ. ಟ್ಯಾಬಿತಾ ಕಟ್ಟಿಕೊಂಡ ಟೋಪಿ ಬಿಚ್ಚಿ ಮತ್ತೆ ಗೂಟಕ್ಕೆ ಹಾಕುತ್ತಿದ್ದಳು. ಅವನು ಮಣ್ಣಾಗಿ ವರ್ಷಗಳಾದರೂ ಸಭೆಯ ಮನೆಯಲ್ಲಿ ಕಿಟಕಿ ಪಕ್ಕದ ಅವನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ.

ಗುಮಾಸ್ತ ಸೈಲಸ್ ಠರಾವು ಓದಿ ಮುಗಿಸಿದ.

"ಆಗಲಿ ಅಂತ ಆಸೆ," ಅಂದಳು ಮುದುಕಿ ರೇಚಲ್. "ಬೇಗ ಆಗಲಿ ಮಾರಾಯ, ಆಮೋಸನ ತಲೇಲಿ ನಾಲ್ಕು ಕೂದಲಿರೋವಾಗಲೇ."

ಅಲ್ಲಲ್ಲಿ ನಗು, ಅಲ್ಲಲ್ಲಿ "ಆಗಲಿ". ಆಮೇಲೆ ಎಲ್ಲ ಸದ್ದಡಗಿತು.

ಕಿಟಕಿ ಪಕ್ಕದಿಂದ ಒಂದು ಒಣ ಕೆಮ್ಮು.

ಟ್ಯಾಬಿತಾಳ ಬೆರಳು ತಾನಾಗಿಯೇ ಟೋಪಿಯ ದಾರಕ್ಕೆ ಹೋಯಿತು. ಯಾರೂ ತಿರುಗಿ ನೋಡಲಿಲ್ಲ. ಸೈಲಸ್ ಲೇಖನಿ ಅದ್ದಿದ.

"ನಿಲ್ಲು ಸೈಲಸ್!" ಎದ್ದು ಹೋಗಿ ಆ ಖಾಲಿ ಬೆಂಚಿನ ಎದುರು ನಿಂತಳು. "ಜೇಬೆಜ್, ಬೇಡ ಅನ್ನೋದಾದರೆ ಬಾಯಿಬಿಟ್ಟು ಹೇಳು. ಬದುಕಿಡೀ ನೀನು ಸುಮ್ಮನಾದರೆ ಸಾಕು, ನಾನು ಹೆದರಿ ಸಾಯ್ತಿದ್ದೆ. ಇದು ಮನೆಯಲ್ಲ, ಸಭೆ. ಇಲ್ಲಿ ಸುಮ್ಮನಿದ್ದರೆ ಒಪ್ಪಿದ ಹಾಗೆ. ನಿನಗೂ ಅದೇ."

ಬೆಂಚು ಕಿರ್ರೆಂದಿತು. ಅವಳು ಕಾದಳು. ಮಾತು ಬರಲಿಲ್ಲ.

"ಬರ್ಕೋ ಸೈಲಸ್," ಅಂದಳು.

ಹೊರಗೆ ಆಮೋಸ್ ಅವಳ ತಣ್ಣಗಿನ ಕೈ ಹಿಡಿದುಕೊಂಡ. "ಪಾಪ, ಎಷ್ಟು ನುಂಗಿಕೊಂಡಿದ್ದೆಯೋ! ಅದಿರಲಿ, ನೀನು ಏಳೋದಕ್ಕೆ ಮುಂಚೆ ಯಾರೋ ಕೆಮ್ಮಿದರಲ್ಲ, ಅದು ನೀನೇ ತಾನೆ?"

ಟ್ಯಾಬಿತಾ ಸುಮ್ಮನಿದ್ದಳು. ಹೌದು ಅಂತ ತಿಳಿದುಕೊಂಡ, ಪುಣ್ಯಾತ್ಮ.