ಬೇಡವೆಂದವಳು

ನಾರ್ವೆಯ ಬಡಗಣ ಕಡಲಂಚಿನ ಆ ಊರಿಗೆಲ್ಲ ಡಾಕ್ಟರ್ ಇಂಗುನ್ ಒಬ್ಬಳೇ ಆಸರೆ. ಅವಳು ನಿವೃತ್ತಳಾಗುವ ವಾರ ಬಂದರೂ ಆ ಜಾಗಕ್ಕೆ ಯಾರೂ ಅರ್ಜಿ ಹಾಕಿರಲಿಲ್ಲ.

ಬಿಪಿ ನೋಡಿಸಿಕೊಳ್ಳಲು ಬಂದ ಗೆಳತಿ ತುರಿದ್ ಸರ್ಕಾರವನ್ನು ಬೈದಳು. "ಒಬ್ಬ ಡಾಕ್ಟ್ರನ್ನ ಕಳ್ಸೋ ಯೋಗ್ಯತೆ ಇಲ್ಲ ಇವರಿಗೆ! ನೀನೊಬ್ಳೇ ನಮಗೋಸ್ಕರ ಜೀವ ತೇದೆ ಕಣೇ."

ಇಂಗುನ್‌ಗೆ ತಲೆ ಎತ್ತಲಾಗಲಿಲ್ಲ. ಕೆಲವು ವರ್ಷಗಳ ಹಿಂದೆ ಹೊಸ ವೈದ್ಯರನ್ನು ತರಬೇತಿಗೆ ಹಳ್ಳಿಗಳಿಗೇ ಕಳಿಸುವ ಯೋಜನೆ ಬಂದಾಗ ಸರ್ಕಾರ ಅವಳನ್ನೂ ಕೇಳಿತ್ತು. "ರೋಗಿಗಳನ್ನ ನೋಡ್ಲೋ, ಪಾಠ ಹೇಳ್ಲೋ?" ಎಂದು ರೇಗಿ ನಿರಾಕರಿಸಿದ್ದಳು. ಇಲ್ಲಿಗೆ ಬರಬೇಕಿದ್ದ ಹುಡುಗಿ ಪಕ್ಕದ ದ್ವೀಪದಲ್ಲಿ ಕಲಿತು, ಮದುವೆಯಾಗಿ, ಅಲ್ಲೇ ನೆಲೆ ನಿಂತಿದ್ದಳು.

"ಅವರನ್ನ ಬೈಬೇಡ ತುರಿದ್. ಕಳಿಸ್ತೀವಿ ಅಂದ್ರು, ನಾನೇ ಬೇಡ ಅಂದೆ."

ತುರಿದ್ ತೋಳು ಹಿಂದಕ್ಕೆಳೆದುಕೊಂಡಳು. ಮೇಜಿನ ಮೇಲಿದ್ದ ಫೋನನ್ನು ಅವಳತ್ತ ತಳ್ಳಿ, "ಹಾಗಾದ್ರೆ ಈಗ ಬೇಕು ಅನ್ನು," ಎಂದಳು.

ಕಲಿಯುವವರನ್ನು ಕಳಿಸಿದರೆ ಇನ್ನೆರಡು ವರ್ಷ ಇರುತ್ತೇನೆಂದು ಇಂಗುನ್ ಅಂದೇ ಆರೋಗ್ಯ ಇಲಾಖೆಗೆ ಫೋನ್ ಮಾಡಿದಳು. ಚಳಿಗಾಲಕ್ಕೆ ಸಿಲ್ಯೆ ಎಂಬ ತರುಣಿ ಬಂದಳು. ಮೊದಲ ದಿನವೇ ಒಂದು ಮಗುವಿನ ಕಿವಿ ನೋಡಲು ಅವಳಿಗೆ ಅರ್ಧ ಗಂಟೆ ಹಿಡಿಯಿತು.

"ತುಂಬಾ ನಿಧಾನ ಆಯ್ತಾ?" ಎಂದು ಅಳುಕಿದಳು.

"ಇಲ್ಲ, ಇನ್ನೊಂದು ಕಿವೀನೂ ನೋಡು," ಎಂದಳು ಇಂಗುನ್. ತನಗೆ ಈ ತಾಳ್ಮೆ ಅಂದು ಅವರು ಕೇಳಿದಾಗಲೇ ಇದ್ದಿದ್ದರೆ ಎಂಬ ಸಂಕಟ ಮಾತ್ರ ಅವಳನ್ನು ಬಿಡಲಿಲ್ಲ.