ಪೆನ್ಸಿಲಿನ್ ಬೇಡವೆಂದ ಬಿಲ್ಲೆ

ನಾನು ಒಂದು ಸ್ಟೀಲ್ ಬಿಲ್ಲೆ. ಅದಕ್ಕೂ ಮೊದಲು ಗದಗದ ಪಾತ್ರೆ ಅಂಗಡಿಯೊಂದರಲ್ಲಿ ಮುರಿದ ಡಬ್ಬಿಯ ಮುಚ್ಚಳವಾಗಿದ್ದೆ. ಆ ಅಂಗಡಿಯ ಬಾಗಿಲಲ್ಲಿ ಕೂತು ಪಾತ್ರೆಗಳ ಮೇಲೆ ಹೆಸರು ಹಾಕುವವನು ಫಕೀರಪ್ಪ. ಅವನ ಕರೆಂಟಿನ ಸೂಜಿ ಗರ್ ಎನ್ನುತ್ತದೆ. ಯಾರ ಕೊಡದ ಮೇಲೂ ಅವನು ಅದನ್ನು ನೇರವಾಗಿ ಇಡುವುದಿಲ್ಲ. ಮೊದಲು ಹಾಳು ತಗಡಿನ ಮೇಲೆ ಎರಡು ಗೆರೆ ಎಳೆದು ನೋಡುತ್ತಾನೆ. ಆ ತಗಡು ನಾನು.

"ಮದುವಿ ಪಾತ್ರಿ ಅದಾವಪಾ, ಕೆಡಿಸಿ ಇಟ್ಟೀಯ" ಎಂದು ಗಿರಾಕಿಗಳು ಗದರಿದರೆ, "ಪರೀಕ್ಷಾ ಮಾಡದ ಬರಿಯೂದಿಲ್ರಿ ನಾ" ಎನ್ನುತ್ತಿದ್ದ. ಈ ಮಾತು ನೆನಪಿರಲಿ.

ಅವನ ಮಗಳು ನೀಲವ್ವ ಮೊಲೆಹಾಲು ಕುಡಿಯುವ ಕೂಸಾಗಿದ್ದಾಗ ಜ್ವರ ಬಂತು. ಡಾಕ್ಟರು ಪೆನ್ಸಿಲಿನ್ ಬಳಗದ ಔಷಧಿ ಕುಡಿಸಲು ಹೇಳಿದರು. ಮೈತುಂಬ ಕೆಂಪು ದದ್ದು ಎದ್ದವು. ಜ್ವರಕ್ಕೆ ಎದ್ದವೋ, ಔಷಧಿಗೆ ಎದ್ದವೋ? ನೋಡುವ ಪುರುಸೊತ್ತು ಯಾರಿಗಿತ್ತು! ಡಾಕ್ಟರು ತಲೆ ಎತ್ತದೆಯೇ ಹೇಳಿದರು: "ಈ ಕೂಸಿಗೆ ಪೆನ್ಸಿಲಿನ್ ಆಗೂದಿಲ್ಲ. ಇನ್ನೊಮ್ಮೆ ಕೊಟ್ರ ಜೀವಕ್ಕ ಅಪಾಯ."

ಚೀಟಿ ಹರಿಯುತ್ತದೆ, ಮಾತು ಮರೆತುಹೋಗುತ್ತದೆ. ಫಕೀರಪ್ಪನಿಗೆ ಗೊತ್ತಿದ್ದದ್ದು ಅಳಿಸದಂತೆ ಬರೆಯುವುದೊಂದೇ. ನನ್ನನ್ನು ದುಂಡಗೆ ಕತ್ತರಿಸಿದ, ಕೂಸಿಗೆ ಚುಚ್ಚಬಾರದೆಂದು ಅಂಚು ಉಜ್ಜಿದ, 'ಪೆನ್ಸಿಲಿನ್ ಕೊಡಬೇಡಿ' ಎಂದು ಆಳವಾಗಿ ಕೆತ್ತಿದ. ಅವನ ಹೆಂಡತಿ ದ್ಯಾಮವ್ವ ನನ್ನನ್ನು ಕೂಸಿನ ಉಡಿದಾರಕ್ಕೆ ತಾಯತದ ಪಕ್ಕ ಕಟ್ಟಿದಳು. ತಾಯತ ದೆವ್ವಗಳನ್ನು ಓಡಿಸಬೇಕು, ನಾನು ಡಾಕ್ಟರುಗಳನ್ನು. ತಾಯತದ ಕೆಲಸ ನನಗೆ ಗೊತ್ತಿಲ್ಲ. ನನ್ನ ಕೆಲಸ ನಾನು ಚೆನ್ನಾಗಿಯೇ ಮಾಡಿದೆ.

ನೀಲವ್ವ ಬೆಳೆದಳು. ನಾನು ಸೊಂಟದಿಂದ ಕೊರಳಿಗೆ ಏರಿದೆ. ಸಾಲಿಯಲ್ಲಿ ಹುಡುಗರು "ಏ ಪೆನ್ಸಿಲಿ" ಎಂದು ಕರೆದರೆ, ಅವಳು ನನ್ನನ್ನೇ ಹಿಡಿದು ಅವರ ತಲೆಗೆ ಕುಟ್ಟುತ್ತಿದ್ದಳು.

ಒಂದು ಚಳಿಗಾಲ ಅವಳ ಗಂಟಲು ಕೆಟ್ಟಿತು. ಆಮೇಲೆ ಮೊಣಕಾಲು ಬಾತವು. ಊರಿನ ದವಾಖಾನೆಯಲ್ಲಿ ಜ್ವರ ಹೃದಯಕ್ಕೆ ತಗುಲಿದೆ ಎಂದರು. ಮೂರು ವಾರಕ್ಕೊಮ್ಮೆ ಇಂಜೆಕ್ಷನ್ ತಪ್ಪದಿದ್ದರೆ ಹೃದಯ ಉಳಿಯುತ್ತದೆ. ಔಷಧಿ ಹಳೆಯದು, ಅಗ್ಗದ್ದು. ಅದರ ಹೆಸರು ಪೆನ್ಸಿಲಿನ್.

ಸೂಜಿ ಹಿಡಿದು ಬಂದ ನರ್ಸ್ ನನ್ನನ್ನು ಓದಿ ಹಿಂದೆ ಸರಿದಳು.

"ಯವ್ವಾ, ಇದೇನ ತಾಯತಾನೋ ಬೋರ್ಡೋ? ನನ್ನ ನೌಕರಿ ತಿಂತಿದ್ದಿ ನೀ!"

"ಹಂಗಾರ ಪರೀಕ್ಷಾ ಮಾಡಿ ನೋಡ್ರಿ ಅಕ್ಕಾರ" ಎಂದಳು ದ್ಯಾಮವ್ವ.

"ಏನರ ಆದ್ರ ಹೊಣಿ ಯಾರು? ನಿನ್ನ ಗಂಡನೇನು? ದೊಡ್ಡ ದವಾಖಾನಿಗೆ ಹೋಗ್ರಿ."

ದೊಡ್ಡ ದವಾಖಾನೆಯವರು ಇನ್ನೂ ದೊಡ್ಡದಕ್ಕೆ ಕಳಿಸಿದರು. ಎಲ್ಲರೂ ನನ್ನನ್ನು ಓದಿದರು. ಇದನ್ನು ಹೇಳಿದವರು ಯಾರು, ಯಾಕೆ ಹೇಳಿದರು ಎಂದು ಒಬ್ಬರೂ ಕೇಳಲಿಲ್ಲ. ಬಡವರ ಕೊರಳಲ್ಲಿ ಒಮ್ಮೆ ಬಿದ್ದ ಮಾತನ್ನು ತಿರುಗಿ ಪರೀಕ್ಷಿಸುವ ಪದ್ಧತಿ ಈ ನಾಡಿನಲ್ಲಿ ಯಾವಾಗ ಇತ್ತು? ಇಂಜೆಕ್ಷನ್ ಬದಲಿಗೆ ಬೇರೆ ಔಷಧಿಯ ಗುಳಿಗೆ ಕೊಟ್ಟರು. ಹೊಟ್ಟೆ ಉರಿಯುತ್ತಿತ್ತು. ಗುಳಿಗೆ ಮುಗಿದಾಗ "ಸ್ಟಾಕ್ ಇಲ್ಲ, ಮುಂದಿನ ವಾರ ಬರ್ರಿ". ಜ್ವರ ಮುಂದಿನ ವಾರದವರೆಗೆ ಕಾಯಲಿಲ್ಲ. ಮತ್ತೆ ಬಂತು, ಮತ್ತೂ ಬಂತು.

ಕೊನೆಗೆ ಹುಬ್ಬಳ್ಳಿಯ ಒಬ್ಬ ಡಾಕ್ಟರಮ್ಮ ನನ್ನನ್ನು ಓದಿ ಕೇಳಿದರು: "ಆಗ ಏನಾಗಿತ್ತು? ಉಸಿರು ಕಟ್ಟಿತ್ತೇನು? ಮಾರಿ ಬಾತಿತ್ತೇನು?"

"ಇಲ್ರಿ. ಬರೇ ದದ್ದು" ಎಂದಳು ದ್ಯಾಮವ್ವ.

ಅವರು ನನ್ನನ್ನು ಬಿಚ್ಚಿಸಿ ಟ್ರೇಯಲ್ಲಿ ಇಟ್ಟರು. ಅಪಾಯವಾದರೆ ಕೊಡುವ ಮದ್ದು ಪಕ್ಕದಲ್ಲೇ ಇತ್ತು. ನೀಲವ್ವನ ಮುಂಗೈಗೆ ಸಣ್ಣಗೆ ಚುಚ್ಚಿ, ಸುತ್ತ ಪೆನ್ನಿನಿಂದ ಒಂದು ಸೊನ್ನೆ ಬರೆದರು. ದ್ಯಾಮವ್ವ ರೆಪ್ಪೆ ಬಡಿಯದೆ ಆ ಸೊನ್ನೆಯನ್ನೇ ನೋಡಿದಳು. ಗುಳ್ಳೆ ಏಳಲಿಲ್ಲ. ಆಮೇಲೆ ಔಷಧಿಯನ್ನೇ ಸ್ವಲ್ಪ ಸ್ವಲ್ಪ ಕುಡಿಸಿ ಕಾದರು. ಹೊತ್ತು ಇಳಿಯಿತು. ಆದದ್ದು ಒಂದೇ: ನೀಲವ್ವ "ಹಸಿವಾಗೇತಿ, ಇಡ್ಲಿ ಕೊಡಸ್ರಿ" ಎಂದಳು.

"ಅಲರ್ಜಿ ಇಲ್ಲ" ಎಂದರು ಡಾಕ್ಟರಮ್ಮ. "ಆವತ್ತೂ ಇರಲಿಕ್ಕಿಲ್ಲ."

ದ್ಯಾಮವ್ವ ಅಳುತ್ತ ನಕ್ಕಳು. ಆಗ ಡಾಕ್ಟರಮ್ಮ ಹೃದಯದ ಚಿತ್ರ ತೋರಿಸಿದರು. ಕವಾಟ ಆಗಲೇ ಕೆಟ್ಟಿತ್ತು. ಇನ್ನು ಇಂಜೆಕ್ಷನ್ನೂ ಬೇಕು, ಮುಂದೆ ಆಪರೇಷನ್ನೂ ಬೇಕು.

ಬಾಗಿಲ ಬಳಿ ನಿಂತಿದ್ದ ಫಕೀರಪ್ಪ ಕೇಳಿದ: "ಈ ಪರೀಕ್ಷಾ ಒಂದ ಹಗಲಿನ ಕೆಲಸಾ ಏನ್ರಿ?"

ಡಾಕ್ಟರಮ್ಮ ನನ್ನನ್ನು ಟ್ರೇಯಿಂದ ಎತ್ತಿ ಅವನ ಕೈಗೆ ಕೊಟ್ಟರು. ಉತ್ತರ ಕೊಡಬೇಕಾದವರು ಅಲ್ಲಿರಲಿಲ್ಲ.

ಈಗ ನಾನು ಮತ್ತೆ ಅದೇ ಅಂಗಡಿಯಲ್ಲಿ, ಅವನ ಕಾಲಡಿಯ ಗೋಣಿಯ ಮೇಲೆ, ಹಾಳು ತಗಡುಗಳ ಜೊತೆ ಇದ್ದೇನೆ. ಅವನು ಸೂಜಿ ನೋಡುವುದು ನನ್ನ ಮೇಲೆಯೇ. ಗೆರೆಯ ಮೇಲೆ ಗೆರೆ ಬಿದ್ದರೂ 'ಕೊಡಬೇಡಿ' ಇನ್ನೂ ಓದಲು ಬರುತ್ತದೆ. ಅಷ್ಟು ಆಳ ಅವನ ಕೈ. ಇಂಜೆಕ್ಷನ್ ಮುಗಿಸಿ ಬಂದ ದಿನ ನೀಲವ್ವ ಅಂಗಡಿಯ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಾಳೆ.

ನಿನ್ನೆ ಒಬ್ಬ ಗಿರಾಕಿ ಹೊಸ ಕೊಡ ಇಳಿಸಿ, "ಹುಷಾರಪಾ, ಕೆಡಿಸಬ್ಯಾಡ" ಎಂದ. ಫಕೀರಪ್ಪ ತನ್ನ ಹಳೆಯ ಮಾತು ಆಡಲಿಲ್ಲ. ನನ್ನ ಮೇಲೆ ಸೂಜಿ ಇಟ್ಟ.

ಮೆಟ್ಟಿಲ ಮೇಲಿಂದ ನೀಲವ್ವ ಉಸಿರು ಹಿಡಿದು ಹಿಡಿದು ಹೇಳಿದಳು: "ಚಿಂತಿ ಬ್ಯಾಡ ಕಾಕಾ. ಅದು ಕೊಡ ಐತಲ್ಲ, ಪರೀಕ್ಷಾ ಮಾಡೇ ಮಾಡ್ತಾರ."